ಕಣ್ಣೆದುರಿನ ಬೆನ್ನು

ಜನವರಿ ೧೪, ಮಂಗಳವಾರ

ಬೆಳಗ್ಗೆ ರೇಡಿಯೋದವರು ಆಸ್ಪತ್ರೆಗೇ ಬಂದಿದ್ದರು. ಮರುಭೂಮಿಯಿಂದ ಬೀಸುವ ಹರ್ಮಟಾನ್ ಗಾಳಿಯ ದೂಳಿಗೆ ಗಂಟಲು ಕಟ್ಟಿತ್ತು. ಆದರೂ ಮಾತು ಚೆನ್ನಾಗಿ ಬಂತೆಂದು ಎಲ್ಲರೂ ಹೇಳಿದರು. ಮಕ್ಕಳ ಬೆನ್ನುಮೂಳೆ ಬಾಗುವುದರ ಬಗ್ಗೆ ಎಂದಿನ ಪ್ರಶ್ನೆಗಳೇ: ಇದು ಶಾಪವೇ, ಮಾಟವೇ, ತಲೆಯ ಮೇಲೆ ನೀರು ಹೊತ್ತು ಬಂದದ್ದೇ. ಯಾವುದೂ ಅಲ್ಲ ಎಂದೆ. ಹಾಗಾದರೆ ತಂದೆತಾಯಿ ಏನು ಮಾಡಬೇಕು ಪ್ರೊಫೆಸರ್ ಕ್ಲುಟ್ಸೆ ಎಂದು ರೇಡಿಯೋದ ಹುಡುಗಿ ಕೇಳಿದಳು.

"ಏನೂ ಮಾಡಬೇಕಿಲ್ಲಮ್ಮ. ಮಗು ಬಗ್ಗಿದಾಗ ಒಂದು ಸಲ ಅದರ ಬೆನ್ನು ನೋಡಿದ್ರೆ ಸಾಕು. ಕಣ್ಣಿರೋ ಅಪ್ಪ ಅಮ್ಮನಿಗೆ ಕಾಣದೇ ಇರೋ ಕಾಯಿಲೆ ಅಲ್ಲ ಇದು," ಎಂದೆ.

ಆಕೆಗೆ ಆ ಮಾತು ಬಹಳ ಹಿಡಿಸಿತು. ವಾರವಿಡೀ ಅದನ್ನೇ ಮತ್ತೆ ಮತ್ತೆ ಹಾಕುತ್ತಾರಂತೆ.

ಆಮೇಲೆ 'ಗಾಳ'ದ ಆಪರೇಷನ್. ಫ್ರೀಟೌನಿನಿಂದ ಬಂದ ಹುಡುಗ. ಬೆನ್ನು ಮೀನಿನ ಗಾಳದ ಹಾಗೆಯೇ ಇತ್ತು. ತಲೆಗೆ ಕಬ್ಬಿಣದ ಬಳೆ ತೊಡಿಸಿ, ಭಾರ ಕಟ್ಟಿ, ತಿಂಗಳುಗಟ್ಟಲೆ ಮೇಲಕ್ಕೆ ಎಳೆದಿಟ್ಟಿದ್ದೆವು. ಇವತ್ತು ಸ್ಕ್ರೂ ಹಾಕಿ ಎರಡು ಸರಳು ಕೂರಿಸಿದೆ. ನನ್ನ ಕೈಕೆಳಗಿನ ಸರ್ಜನ್ ವುಂಪಿನಿ ಎದುರು ನಿಂತು ಕೈಜೋಡಿಸುತ್ತಿದ್ದಳು. ನಡುವೆ, ಇಷ್ಟು ಸಾಕಲ್ವಾ ಪ್ರೊಫ್ ಎಂದಳು. ಸಾಕಾಗಿರಲಿಲ್ಲ. ಇನ್ನಷ್ಟು ತಿರುಗಿಸಿದೆ, ಬಂತು. ಆಮೇಲಿನ ಎಕ್ಸ್‌ರೇ ಫಿಲ್ಮ್ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವಂತಿದೆ. ಈ ಟಮಾಲೆ ಊರಿನ ಹೆಣ್ಣುಮಗಳ ಕೈ ಒಳ್ಳೆಯದು. ಎದೆಗಾರಿಕೆ ಸಾಲದು.

ರಾತ್ರಿ ಮನೆಯಲ್ಲಿ ಊಟಕ್ಕೆ ಕೂತಾಗ ಬೇಯಿಸಿದ ಗೆಣಸಿನ ತುಂಡಿಗೆ ಫೋರ್ಕ್ ಚುಚ್ಚಿ ಹೆಂಡತಿ ಅಕ್ಪೇನೆಗೂ ಮಗಳು ಸೇನಾಮಳಿಗೂ ಆ ತಿರುವನ್ನು ತೋರಿಸಿದೆ. ಗೆಣಸು ಮುರಿಯಿತು. ನಾನೊಬ್ಬನೇ ನಕ್ಕೆ. ಹಸಿವಿಲ್ಲವೆಂದು ಸೇನಾಮ್ ಎದ್ದುಹೋದಳು. ಈ ಸೆಕೆಯಲ್ಲೂ ಟೋಪಿಯ ದೊಗಳೆ ಸ್ವೆಟರ್ ಹಾಕಿಕೊಂಡೇ ಇರುತ್ತಾಳೆ. ಹದಿಮೂರರ ವಯಸ್ಸೇ ಹಾಗೆ ಎನ್ನುತ್ತಾಳೆ ಅವಳಮ್ಮ.

ಫೆಬ್ರವರಿ ೬, ಗುರುವಾರ

ಗುರುವಾರದ ಸಭೆ. ಮುಂದೆ ಆಪರೇಷನ್ ಆಗಬೇಕಾದ ಮಕ್ಕಳ ಫಿಲ್ಮುಗಳನ್ನು ಎಲ್ಲ ಡಾಕ್ಟರುಗಳೂ ಒಟ್ಟಿಗೆ ಕೂತು ನೋಡುವ ದಿನ. ವುಂಪಿನಿ ಒಂದು ಫಿಲ್ಮ್ ತಂದಿದ್ದಳು. ಹದಿಮೂರರ ಹುಡುಗಿ ಎಂದಷ್ಟೇ ಹೇಳಿದಳು. ಹೆಸರಿನ ಜಾಗಕ್ಕೆ ಕಾಗದ ಅಂಟಿಸಿದ್ದಳು. ಎಲ್ಲದರಲ್ಲೂ ಅವಳದು ಅತಿ ನಿಯಮ.

ಎದೆಯ ಮಟ್ಟದಲ್ಲಿ ಬಲಕ್ಕೆ ಬಾಗಿದ ಮೂಳೆ. ಗೆರೆ ಎಳೆದು ಅಳೆದೆ, ಐವತ್ತೆರಡು ಡಿಗ್ರಿ. ಹುಡುಗಿ ಇನ್ನೂ ಬೆಳೆಯುವವಳು, ಬಿಟ್ಟರೆ ಹೆಚ್ಚುತ್ತದೆ. ವರ್ಷದ ಹಿಂದೆ ಕರೆತಂದಿದ್ದರೆ ಮೈಗೆ ಬಿಗಿ ಕವಚ ತೊಡಿಸಿಯೇ ತಡೆಯಬಹುದಿತ್ತು, ಈಗ ಕುಯ್ಯದೆ ಗತಿಯಿಲ್ಲ ಎಂದು ವಿವರಿಸಿದೆ.

"ಈ ಹುಡುಗಿ ಮನೇಲಿ ಕನ್ನಡಿ ಇಲ್ವೋ, ಇವಳಪ್ಪನಿಗೆ ಕಣ್ಣಿಲ್ವೋ?" ಎಂದೆ.

ಕೋಣೆ ತುಂಬ ನಗು. ನಮ್ಮ ಕಿರಿಯ ಡಾಕ್ಟರ್ ಫೀಫಿ ಮೇಜು ತಟ್ಟಿ ನಕ್ಕ. ವುಂಪಿನಿ ನಗಲಿಲ್ಲ. ಸರಳನ್ನು ಎಲ್ಲಿಂದ ಎಲ್ಲಿಯವರೆಗೆ ಕೂರಿಸಬೇಕು, ಕೆಳಗೆ ಯಾವ ಮೂಳೆಗೆ ನಿಲ್ಲಿಸಿದರೆ ಸೊಂಟ ಚೆನ್ನಾಗಿ ಬಾಗುತ್ತದೆ ಎಂದು ಒಂದೊಂದಾಗಿ ಕೇಳಿದಳು. ಹೇಳಿದೆ. ಬರೆದುಕೊಂಡಳು. ಧನ್ಯವಾದ ಹೇಳುವಾಗ ಅವಳ ದನಿ ಯಾಕೋ ಒಡೆದಂತಿತ್ತು. ದೂಳಿಗೆ ಎಲ್ಲರಿಗೂ ನೆಗಡಿ.

ಫೆಬ್ರವರಿ ೯, ಭಾನುವಾರ

ಚರ್ಚಿನ ಹಿರಿಯರ ಸಭೆ ಬೇಗ ಮುಗಿಯಿತು. ಮನೆಗೆ ಬಂದು ಹಿತ್ತಲ ಕಡೆಯಿಂದ ಒಳಬಂದೆ. ಸೇನಾಮ್ ಬಕೆಟ್ಟಿನ ಮೇಲೆ ಬಗ್ಗಿಕೊಂಡು ಶಾಲೆಯ ಬಿಳಿ ಬೂಟು ತೊಳೆಯುತ್ತಿದ್ದಳು. ತೋಳಿಲ್ಲದ ತೆಳ್ಳನೆಯ ಬನೀನು, ನೀರು ಸಿಡಿದು ಮೈಗಂಟಿತ್ತು.

ಬಲಗಡೆಯ ಪಕ್ಕೆಲುಬು ಮೇಲೆದ್ದಿತ್ತು. ಎಡಗಡೆ ಕುಸಿದಿತ್ತು.

ಆ ಬೆನ್ನನ್ನು ನಾನು ನೋಡಿದ್ದೆ. ಗುರುವಾರ ಅದರ ಮೇಲೆ ಗೆರೆ ಎಳೆದಿದ್ದೆ.

ಅವಳು ತಿರುಗಿ ನೋಡಿದಳು, ಟವೆಲ್ ಎಳೆದು ಹೊದ್ದುಕೊಂಡಳು. ನಾನು ಅಡುಗೆಮನೆಗೆ ಹೋದೆ. ಅಕ್ಪೇನೆ ಒಲೆಯ ಮುಂದೆ ಅಕ್ಪ್ಲೆ, ಜೋಳದ ಹಿಟ್ಟಿನ ಮುದ್ದೆ, ತಿರುವುತ್ತಿದ್ದಳು. ನನ್ನ ಮುಖ ನೋಡಿ ಕೈ ನಿಲ್ಲಿಸಿದಳು.

"ನೋಡಿದ್ರಾ ಕೊನೆಗೂ," ಎಂದಳು.

ಮುಂದೆ ಬರೆಯಲಾಗುತ್ತಿಲ್ಲ.

ಫೆಬ್ರವರಿ ೧೦, ಸೋಮವಾರ

ಅಕ್ಪೇನೆಗೆ ನವೆಂಬರಿನಲ್ಲೇ ಗೊತ್ತಾಗಿತ್ತು. ಕ್ರಿಸ್‌ಮಸ್ ಬಟ್ಟೆ ತೊಡಿಸಿ ನೋಡುವಾಗ ಕಂಡಿತಂತೆ. ಸೇನಾಮಳಿಗೆ ಅದಕ್ಕೂ ಮೊದಲೇ ಗೊತ್ತಿತ್ತು. ಡಾಕ್ಟರ ಹತ್ತಿರ ಬರುತ್ತೇನೆ, ಆದರೆ ಪಪ್ಪಾಗೆ ಮಾತ್ರ ಹೇಳಬಾರದು ಎಂದು ಮಗು ತಾಯಿಯ ಕಾಲು ಹಿಡಿದಳಂತೆ. ನನಗೆ ಮಾತ್ರ. ಈ ದೇಶದಲ್ಲಿ ಈ ಕಾಯಿಲೆಗೆ ಜನ ಹುಡುಕಿಕೊಂಡು ಬರುವ ನನಗೆ. ಹಾಗಾಗಿ ಗುಟ್ಟಾಗಿ ವುಂಪಿನಿಗೆ ತೋರಿಸಿದ್ದರು. ನಿಮಗೆ ದಿನವೂ ಹೇಳಬೇಕೆಂದುಕೊಳ್ಳುತ್ತಿದ್ದೆ, ಅಷ್ಟರಲ್ಲಿ ರೇಡಿಯೋದಲ್ಲಿ ನಿಮ್ಮ ಮಾತು ಕೇಳಿ ಬಾಯಿ ಕಟ್ಟಿತು ಎಂದಳು ಅಕ್ಪೇನೆ.

ಬೆಳಗ್ಗೆ ವುಂಪಿನಿಯನ್ನು ಕೋಣೆಗೆ ಕರೆಸಿ ಬಾಗಿಲು ಹಾಕಿದೆ.

"ನನ್ನ ಮಗಳ ಫಿಲ್ಮನ್ನ ನನ್ನ ಮುಂದೇನೇ ಇಟ್ಟು ತಮಾಷೆ ನೋಡಿದ್ಯಾ?"

"ಇಲ್ಲ ಪ್ರೊಫ್. ಮಗಳು ಅಂತ ಗೊತ್ತಾದ್ರೆ ನಿಮ್ಮ ಕಣ್ಣು ಬೇರೆ ಥರ ನೋಡ್ತಿತ್ತು. ಫಿಲ್ಮ್ ಓದೋದರಲ್ಲಿ ಇಲ್ಲಿ ನಿಮ್ಮನ್ನ ಮೀರಿಸೋರಿಲ್ಲ. ಅದು ಆ ಹುಡುಗಿಗೆ ಸಿಗಬೇಕಿತ್ತು."

"ನಾನು ಆ ಮಾತಾಡಿದಾಗ ತಡೀಬಹುದಿತ್ತಲ್ಲ."

"ಹೇಗೆ ತಡೀಲಿ? ತಡೆದಿದ್ರೆ ಕೋಣೇಲಿದ್ದೋರಿಗೆಲ್ಲ ಗೊತ್ತಾಗ್ತಿತ್ತು."

ಇನ್ನೂ ಏನೇನೋ ಅಂದೆ. ನನ್ನನ್ನು ಹಿಡಿತದಲ್ಲಿಟ್ಟುಕೊಳ್ಳಲು ಹೊರಟಿದ್ದೀಯ ಎಂದೂ ಅಂದೆ. ಅವಳು ಕೈಕಟ್ಟಿ ನಿಂತು ಕೇಳಿಸಿಕೊಂಡಳು. ಕೊನೆಗೆ, ಯಾರಿಗೆಲ್ಲ ಗೊತ್ತು ಎಂದು ಕೇಳಿದೆ. ಯಾರಿಗೂ ಇಲ್ಲ, ಎಕ್ಸ್‌ರೇ ತೆಗೆದವನು ಅವಳನ್ನು ನನ್ನ ಅಕ್ಕನ ಮಗಳು ಅಂದುಕೊಂಡಿದ್ದಾನೆ ಎಂದಳು.

ಅದನ್ನು ಕೇಳಿದ ಕೂಡಲೇ ಎದೆ ಹಗುರವಾಯಿತು. ಮಗಳ ಬೆನ್ನಿನ ಯೋಚನೆ ಆಮೇಲೆ ಬಂದದ್ದು. ಇದನ್ನು ಬೇರೆಲ್ಲೂ ಹೇಳಲಾರೆ, ಇಲ್ಲಿ ಬರೆಯುತ್ತಿದ್ದೇನೆ.

ಫೆಬ್ರವರಿ ೨೩, ಭಾನುವಾರ

ಜೋಹಾನ್ಸ್‌ಬರ್ಗಿನಲ್ಲಿ ನನ್ನ ಜೊತೆ ಓದಿದವನೊಬ್ಬ ದೊಡ್ಡ ಸರ್ಜನ್. ಫೋನ್ ಮಾಡಿದೆ. ಮಾರ್ಚ್ ಕೊನೆಯಲ್ಲಿ ಕರೆದುಕೊಂಡು ಬಾ, ನಾನೇ ಮಾಡುತ್ತೇನೆ ಎಂದ. ಅಲ್ಲಿ ಸಲಕರಣೆ ಚೆನ್ನಾಗಿವೆ, ಶುಶ್ರೂಷೆ ಚೆನ್ನಾಗಿದೆ. ಯಾವ ದೃಷ್ಟಿಯಿಂದ ನೋಡಿದರೂ ಅಲ್ಲೇ ಸರಿ. ರಜೆಗೆ ಹೋಗಿದ್ದೆವು ಎಂದರಾಯಿತು.

ಅಕ್ಪೇನೆ ಬಟ್ಟೆ ಮಡಚುತ್ತಲೇ ಇದ್ದಳು. ಸೇನಾಮಳಿಗೆ ನಾನೇ ಹೇಳಿದೆ. ವುಂಪಿನಿ ಆಂಟಿ ಮಾಡುವುದಾದರೆ ಮಾಡಲಿ, ಬೇರೆ ಯಾರ ಕೈಗೂ ಬೆನ್ನು ಕೊಡುವುದಿಲ್ಲ ಎಂದಳು. ವುಂಪಿನಿಯದು ಇನ್ನೂ ಎಳೆಯ ಕೈ ಎಂದೆ. ಅವಳು ಉಗುರು ನೋಡಿಕೊಳ್ಳುತ್ತ ಕೂತಳು. ನನಗೇ ತಡೆಯಲಾಗಲಿಲ್ಲ.

"ನನಗ್ಯಾಕೆ ಹೇಳಲಿಲ್ಲ ಪುಟ್ಟಿ? ಬೇರೆ ಯಾರಿಗೆ ಹೇಳದಿದ್ರೂ ನನಗೆ ಹೇಳಬೇಕಿತ್ತಲ್ಲ."

"ಹೋದ್ ವರ್ಷ ಒಬ್ಬಳು ಹುಡುಗಿ ಇದ್ಳಲ್ಲ ಪಪ್ಪಾ, ಊಟಕ್ಕೆ ಕೂತಾಗೆಲ್ಲ ಪ್ರಶ್ನೆ ಚಿಹ್ನೆ, ಪ್ರಶ್ನೆ ಚಿಹ್ನೆ ಅಂತಿದ್ರಿ. ಅವಳ ಹೆಸರೇನು?"

ನೆನಪಾಗಲಿಲ್ಲ.

"ನನಗೆ ಏನು ಹೆಸರಿಡ್ತೀರಿ ಅಂತ ಯೋಚಿಸ್ತಿದ್ದೆ," ಎಂದಳು. ಕೋಪದಿಂದ ಹೇಳಿದ್ದಲ್ಲ. ಮಳೆ ಬರಬಹುದು ಎನ್ನುವ ಹಾಗೆ ಹೇಳಿದಳು.

ಆ ಹೆಸರುಗಳಲ್ಲಿ ಕೆಟ್ಟದ್ದೇನೂ ಇರಲಿಲ್ಲ. ವರ್ಷಕ್ಕೆ ಎಷ್ಟೊಂದು ಮಕ್ಕಳು ಬರುತ್ತಾರೆ. ಗಾಳ, ಕುಡುಗೋಲು, ಪ್ರಶ್ನೆ ಚಿಹ್ನೆ ಅಂದುಕೊಂಡರೆ ಬಾಗು ತಲೆಯಲ್ಲಿ ಉಳಿಯುತ್ತದೆ. ಎಲ್ಲ ಡಾಕ್ಟರುಗಳೂ ಮಾಡುವುದೇ. ಇದನ್ನೆಲ್ಲ ಅವಳಿಗೆ ಬಿಡಿಸಿ ಹೇಳಬೇಕೆಂದು ಎದ್ದು ಅವಳ ಕೋಣೆಯ ಬಾಗಿಲವರೆಗೆ ಹೋದೆ. ಆ ಹುಡುಗಿಯ ಹೆಸರು ಇನ್ನೂ ನೆನಪಾಗಿರಲಿಲ್ಲ. ವಾಪಸ್ ಬಂದೆ.

ಮಾರ್ಚ್ ೬, ಗುರುವಾರ

ಸ್ವಾತಂತ್ರ್ಯ ದಿನ. ಸೇನಾಮಳ ಶಾಲೆಯ ಮಕ್ಕಳ ಕವಾಯತು. ಸ್ವೆಟರ್ ಹಾಕುವಂತಿಲ್ಲ, ಬಿಳಿ ಅಂಗಿ, ಸೊಂಟಕ್ಕೆ ಬಿಗಿದ ಬೆಲ್ಟು. ಹೋಗದಿದ್ದರೂ ನಡೆಯುತ್ತದೆ, ಚೀಟಿ ಬರೆದುಕೊಡುತ್ತೇನೆ ಎಂದಿದ್ದೆ. ಹೋಗುತ್ತೇನೆ ಎಂದಳು.

ಮೈದಾನದ ಅಂಚಿನಲ್ಲಿ ಕೊಡೆ ಹಿಡಿದು ನಿಂತಿದ್ದೆ. ಪಕ್ಕಕ್ಕೆ ಪರಿಚಯದ ಬೋಟ್ವೆ ಬಂದ. ಇಬ್ಬರು ಗಂಡುಮಕ್ಕಳು ಅದೇ ಶಾಲೆಯಲ್ಲಿದ್ದಾರೆ. ನಿಮ್ಮ ಮಾತು ರೇಡಿಯೋದಲ್ಲಿ ಕೇಳಿದ ಮೇಲೆ ಮಕ್ಕಳನ್ನು ಸಾಲಾಗಿ ಬಗ್ಗಿಸಿ ಬೆನ್ನು ನೋಡಿದೆ, ದೇವರ ದಯೆ, ಎರಡೂ ನೆಟ್ಟಗಿವೆ ಎಂದು ಕೈ ಕುಲುಕಿದ. ಅಷ್ಟರಲ್ಲಿ ಸೇನಾಮಳ ಸಾಲು ನಮ್ಮ ಮುಂದೆಯೇ ಬಂದು ನಿಂತಿತು, ನಮಗೆ ಬೆನ್ನು ಮಾಡಿ. ಬಲ ಹೆಗಲು ಮೇಲೆ, ಎಡ ಹೆಗಲು ಕೆಳಗೆ. ಅಂಗಿಯ ಬಲಗಡೆ ಉಬ್ಬಿತ್ತು. ಕುರುಡನಿಗೂ ಕಾಣುವಂತಿತ್ತು.

ನಾನು ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಬೋಟ್ವೆಗೂ ಅವಳಿಗೂ ನಡುವೆ ನಿಂತೆ. ಕೊಡೆಯನ್ನೂ ಆ ಕಡೆಗೆ ವಾಲಿಸಿದೆ. ಅವನ ಹೊಸ ಲಾರಿಯ ಬಗ್ಗೆ ವಿಚಾರಿಸಿದೆ. ತಿರುಗಿ ನೋಡಿದರೆ ಸೇನಾಮ್ ಕತ್ತು ಹೊರಳಿಸಿ ನನ್ನನ್ನೇ ನೋಡುತ್ತಿದ್ದಳು.

ಕಾರು ಮನೆಯ ಗೇಟಿನ ಹತ್ತಿರ ಬಂದಾಗ ಅವಳು ಕೇಳಿದಳು.

"ಜೋಹಾನ್ಸ್‌ಬರ್ಗಿಗೆ ಕಳಿಸ್ತಿರೋದೂ ಇದಕ್ಕೇ ಅಲ್ವಾ?"

ಗೇಟು ತೆಗೆಯುವ ನೆಪದಲ್ಲಿ ಕಾರಿನಿಂದ ಇಳಿದೆ. ತೆಗೆದ ಮೇಲೂ ಅಲ್ಲೇ ಸ್ವಲ್ಪ ಹೊತ್ತು ನಿಂತಿದ್ದೆ.

ಮಾರ್ಚ್ ೭, ಶುಕ್ರವಾರ

ಜೋಹಾನ್ಸ್‌ಬರ್ಗಿಗೆ ಫೋನ್ ಮಾಡಿ ಬರುವುದಿಲ್ಲ ಎಂದೆ. ಕಾರಣ ಕೇಳಿದ. ಟಿಕೆಟ್ ಸಿಗಲಿಲ್ಲ ಎಂದೆ.

ಮಾರ್ಚ್ ೨೨, ಶನಿವಾರ

ವುಂಪಿನಿಯ ಕೋಣೆಗೆ ಇದೇ ಮೊದಲ ಸಲ ಹೋದದ್ದು. ಮೆಟ್ಟಿಲ ಕೆಳಗಿನ ಸಣ್ಣ ಕೋಣೆ, ಫ್ಯಾನ್ ಇಲ್ಲ. ಇದ್ದ ಒಂದು ಕುರ್ಚಿಯನ್ನು ನನಗೆ ಕೊಟ್ಟು ತಾನು ನಿಂತಳು. ಸೇನಾಮಳ ಆಪರೇಷನ್ ನೀನೇ ಮಾಡಬೇಕು ಎಂದೆ. ಅಷ್ಟು ಹೇಳಲು ಬೆವರಿಬಿಟ್ಟೆ. ಅಂದು ಬೈದದ್ದಕ್ಕೆ ಏನಾದರೂ ಹೇಳಬೇಕಿತ್ತು. ಬಾಯಿಗೆ ಬರಲಿಲ್ಲ.

ಅವಳು ತಕ್ಷಣ ಒಪ್ಪಲಿಲ್ಲ. "ಒಂದು ಮಾತು ಪ್ರೊಫ್. ಆ ದಿನ ನೀವು ಅಪ್ಪ, ಅಷ್ಟೇ. ಥಿಯೇಟರ್ ಒಳಗೆ ಬರಬಾರದು. ಎಷ್ಟು ನೆಟ್ಟಗೆ ಮಾಡಬೇಕು, ಎಲ್ಲಿ ನಿಲ್ಲಿಸಬೇಕು ಅನ್ನೋದು ನಂದು."

ಸರಿ ಎಂದೆ. ನನ್ನ ಕೈಕೆಳಗೆ ಕಲಿತವಳು ನನಗೆ ಷರತ್ತು ಹಾಕುತ್ತಿದ್ದಾಳೆ. ಆದರೂ ಸರಿ ಎಂದೆ.

ಈಚೆಗೆ ವಾರ್ಡಿನ ಸುತ್ತು ಬಹಳ ಹೊತ್ತು ಹಿಡಿಯುತ್ತಿದೆ. ಊಟದ ಗಾಡಿ ಬಂದು ಕಾಯುತ್ತದೆ ಎಂದು ಸಿಸ್ಟರ್ ಗೊಣಗುತ್ತಾಳೆ. ಯಾಕೆ ತಡವಾಗುತ್ತಿದೆಯೋ ಗೊತ್ತಿಲ್ಲ. ಮಕ್ಕಳು ಮಾತು ಬೆಳೆಸುತ್ತಾರೆ. ತಲೆಗೆ ಬಳೆ ಹಾಕಿಸಿಕೊಂಡವರು ಗಾಲಿಯ ಚೌಕಟ್ಟಿನಲ್ಲಿ ನೇತಾಡಿಕೊಂಡೇ ಚೆಂಡು ಒದೆಯುತ್ತಾರೆ, ದಾಟಿ ಹೋಗುವಂತಿಲ್ಲ. ಕಳೆದ ವರ್ಷದ ಆ ಹುಡುಗಿ ತಪಾಸಣೆಗೆ ಬಂದಿದ್ದಳು. ಹೆಸರು ಅತಿಪೋಕಾ. ಬೋಲ್ಗಟಾಂಗಾ ಊರಿನವಳು, ಬುಟ್ಟಿ ಹೆಣೆಯುತ್ತಾಳೆ. ಸೇನಾಮಳಿಗೆ ಹೇಳಬೇಕೆಂದುಕೊಂಡು ಮನೆಗೆ ಬಂದೆ. ಹೇಳಲು ನಾಚಿಕೆಯಾಯಿತು.

ಏಪ್ರಿಲ್ ೧೮, ಶುಭ ಶುಕ್ರವಾರ

ನಿನ್ನೆಯ ಸಭೆಯದನ್ನು ನಿನ್ನೆ ಬರೆಯಲಾಗಲಿಲ್ಲ.

ಮೇ ತಿಂಗಳ ಆಪರೇಷನ್‌ಗಳನ್ನು ಗೊತ್ತುಮಾಡಬೇಕಿತ್ತು. ವುಂಪಿನಿ ಸೇನಾಮಳ ಹೊಸ ಫಿಲ್ಮ್ ಹಾಕಿದಳು, ಹೆಸರಿಗೆ ಈ ಸಲವೂ ಕಾಗದ ಅಂಟಿಸಿ. ಬಾಗು ಐವತ್ತಾರಾಗಿದೆ. ಈ ಹೊತ್ತಿನಲ್ಲಿ ಎದ್ದು ನಿಂತು ಹೇಳಿಬಿಡಬೇಕೆಂದು ಮನೆಯಿಂದಲೇ ಯೋಚಿಸಿಕೊಂಡು ಹೋಗಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಫೀಫಿ, "ಓ, ಇದು ಕಣ್ಣಿಲ್ಲದ ಅಪ್ಪನ ಕೇಸಲ್ವಾ?" ಎಂದ. ಎಲ್ಲರೂ ನಕ್ಕರು.

ನಾನೂ ನಕ್ಕೆ.

ಬಾಯಿ ಮಾತ್ರ ಅಲ್ಲ, ದನಿ ಬರುವ ಹಾಗೆ ನಕ್ಕೆ. ಎದುರಿಗೆ ನನ್ನ ಮಗಳ ಪಕ್ಕೆಲುಬುಗಳು ಬೆಳಕಿನಲ್ಲಿ ನಿಂತಿದ್ದವು. ವುಂಪಿನಿ ತಲೆ ತಗ್ಗಿಸಿ ಕಾಗದ ಜೋಡಿಸಿಕೊಂಡಳು. ಅವಳು ನನ್ನನ್ನು ನೋಡಲಿಲ್ಲ, ನೋಡಿದ್ದರೆ ವಾಸಿಯಿತ್ತು.

ಇವತ್ತು ಚರ್ಚಿನಲ್ಲಿ ಪೇತ್ರನು ಹೆದರಿ, ತನ್ನ ಗುರುವಿನ ಬಗ್ಗೆಯೇ ಆ ಮನುಷ್ಯನನ್ನು ನಾನರಿಯೆ ಎಂದ ಭಾಗವನ್ನು ಓದಿದರು. ಎದ್ದು ಹೊರಗೆ ಬಂದು ಕಾರಿನಲ್ಲಿ ಕೂತೆ. ಹೊಟ್ಟೆ ಸರಿಯಿಲ್ಲ ಎಂದು ಅಕ್ಪೇನೆಗೆ ಹೇಳಿದೆ. ಸೇನಾಮ್ ನನ್ನ ಹಿಂದೆಯೇ ಬಂದು ಪಕ್ಕದ ಸೀಟಿನಲ್ಲಿ ಕೂತಳು. ನನಗೂ ಒಳಗೆ ಸೆಕೆ ಎಂದಳು. ಸ್ವೆಟರ್ ತೆಗೆದು ಮಡಿಲಲ್ಲಿಟ್ಟುಕೊಂಡಳು. ಪ್ರಾರ್ಥನೆ ಮುಗಿಯುವವರೆಗೂ ಇಬ್ಬರೂ ಹಾಗೇ ಕೂತಿದ್ದೆವು. ನಿನ್ನೆ ನಾನು ಏನು ಮಾಡಿದೆ ಎಂದು ಅವಳಿಗೆ ಗೊತ್ತಿದ್ದರೆ ನನ್ನ ಪಕ್ಕ ಕೂರುತ್ತಿದ್ದಳೇ.

ಮೇ ೫, ಸೋಮವಾರ

ಒಪ್ಪಿಗೆ ಪತ್ರಕ್ಕೆ ನಾನೂ ಅಕ್ಪೇನೆಯೂ ಸಹಿ ಹಾಕಬೇಕಿತ್ತು. ವುಂಪಿನಿ ಒಂದೊಂದೇ ಅಪಾಯ ಹೇಳುತ್ತ ಹೋದಳು, ನಾನು ಹೇಳಿಕೊಟ್ಟ ಕ್ರಮದಲ್ಲೇ, ನಾನು ಹೇಳಿಕೊಟ್ಟ ವೇಗದಲ್ಲೇ. ರಕ್ತ ಹೋಗಬಹುದು. ನಂಜಾಗಬಹುದು. ಕಾಲುಗಳ ಬಲ ಹೋಗಬಹುದು. ಸ್ವಲ್ಪ ನಿಧಾನವಾಗಿ ಹೇಳಮ್ಮ ಎಂದೆ. ಅವಳು ನಿಲ್ಲಿಸಿ, ಮತ್ತೆ ಮೊದಲಿಂದ ಹೇಳಿದಳು.

ವಾರದ ಆಪರೇಷನ್ ಪಟ್ಟಿ ಬರೆಯುವವನು ನಾನೇ. ನಾಳೆಯ ಮೊದಲ ಸಾಲಿನಲ್ಲಿ ಬರೀ ನಂಬರ್ ಹಾಕಿದರೂ ನಡೆಯುತ್ತಿತ್ತು; ದೊಡ್ಡವರ ಮನೆಯ ಮಕ್ಕಳಾದರೆ ಹಾಗೆ ಮಾಡುವುದುಂಟು. ಕೈ ಹೆಸರನ್ನೇ ಬರೆಯಿತು. ಕ್ಲುಟ್ಸೆ, ಸೇನಾಮ್. ಆ ಹಾಳೆಯನ್ನು ಹಲಗೆಗೆ ಅಂಟಿಸಿ ಹೋದರು.

ಮಧ್ಯಾಹ್ನದ ಹೊತ್ತಿಗೆ ಕಾರಿಡಾರಿನಲ್ಲಿ ಯಾರೂ ನನ್ನ ಮುಖ ನೋಡುತ್ತಿರಲಿಲ್ಲ. ಟೀ ಕೋಣೆಗೆ ಕಾಲಿಟ್ಟರೆ ಮಾತು ನಿಂತಿತು. ಲೋಟ ಎತ್ತಿಕೊಂಡು ಹೊರಗೆ ಬಂದೆ, ಟೀ ಹಾಕಿಕೊಳ್ಳದೆಯೇ.

ಸಂಜೆ ಫೀಫಿ ಬಂದ. ಬಾಗಿಲಲ್ಲೇ ನಿಂತ. ಕಣ್ಣು ಕೆಂಪಾಗಿತ್ತು.

"ಪ್ರೊಫ್, ಅವತ್ತು ನಾನು... ನನಗೆ ಗೊತ್ತಿರ್ಲಿಲ್ಲ."

"ಆ ಮಾತು ಮೊದಲು ಆಡಿದ್ದು ನಾನು. ನೀನು ನನ್ನಿಂದ ಕಲಿತೆ," ಎಂದೆ. ಅವನು ಇನ್ನೂ ನಿಂತೇ ಇದ್ದ. "ಎರಡನೇ ಸಲ ಎಲ್ಲ ಗೊತ್ತಿದ್ದೂ ನಕ್ಕಿದ್ದು ನಾನು. ಹೋಗಿ ಮಲಕ್ಕೋ ಮರಿ, ನಾಳೆ ವುಂಪಿನಿ ಮೇಡಂ ಜೊತೆ ನಿಲ್ಲಬೇಕು ನೀನು."

ಮೇ ೬, ಮಂಗಳವಾರ

ಅವಳನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಅಕ್ಪೇನೆ ಪ್ರಾರ್ಥನಾ ಕೋಣೆಗೆ ಹೋದಳು. ನನ್ನ ಕೋಣೆಗೆ ಹೋಗಿ ಕೂರಲು ಮನಸ್ಸಾಗಲಿಲ್ಲ. ಬೇವಿನ ಮರದ ಕೆಳಗೆ, ಮಕ್ಕಳನ್ನು ಒಳಗೆ ಕಳಿಸಿದವರು ಕಾಯುವ ಬೆಂಚಿದೆ. ದಿನಾ ಅದರ ಮುಂದೆಯೇ ಹಾದುಹೋಗುತ್ತೇನೆ. ಹಿಂಬದಿಯ ಆಸರೆಯಿಲ್ಲ ಎನ್ನುವುದು ಕೂತಾಗಲೇ ಗೊತ್ತಾದದ್ದು.

ಪಕ್ಕದಲ್ಲಿ ಕಡಲ ದಂಡೆಯ ಕೇಟಾ ಕಡೆಯ ಹೆಂಗಸು, ಮೈಯಿಂದ ಹೊಗೆಯಲ್ಲಿ ಒಣಗಿಸಿದ ಮೀನಿನ ವಾಸನೆ. ಬಿಳಿ ಕೋಟಿಲ್ಲದ ನನ್ನ ಗುರುತು ಅವಳಿಗೆ ಸಿಗಲಿಲ್ಲ. ನಮ್ಮ ಎವೆ ಭಾಷೆಯಲ್ಲೇ, ಅಣ್ಣನನ್ನು ಕರೆಯುವ ಹಾಗೆ ಎಫೋ ಎಂದು ಕರೆದಳು. ಬೇಯಿಸಿದ ಕಡಲೆಕಾಯಿ ಕೊಟ್ಟಳು.

"ಎಫೋ, ನಿಮ್ಮದೂ ಒಳಗಿದ್ಯಾ?"

"ಮಗಳು. ಹದಿಮೂರು ವರ್ಷ. ಬೆನ್ನು ಬಾಗಿತ್ತು. ನಾನು ನೋಡ್ಲೇ ಇಲ್ಲ."

"ನಾನೇನು ನೋಡಿದ್ನಾ? ಬೆನ್ನಿಗೆ ಕಟ್ಕೊಂಡು ತಿರುಗೋವಾಗ ಅವನ ಮೈಯೆಲ್ಲ ಗೊತ್ತಿತ್ತು. ಆಮೇಲೆ ತಾನೇ ಸ್ನಾನ, ತಾನೇ ಬಟ್ಟೆ. ಮಕ್ಕಳು ಊಟ ಮಾಡಿದ್ರಾ ಅಂತ ಮುಖ ನೋಡ್ತೀವಿ ಎಫೋ. ಬೆನ್ನು ಯಾರು ನೋಡ್ತಾರೆ."

ಸಿಪ್ಪೆ ಸುಲಿಯುತ್ತ, ನೀವೇನು ಕೆಲಸ ಮಾಡೋದು ಎಂದು ಕೇಳಿದಳು. ಇಲ್ಲೇ ಎಂದೆ. ಒಳ್ಳೇದಾಯ್ತು, ದೂರದಿಂದ ಬರೋ ಖರ್ಚಿಲ್ಲ ಎಂದಳು.

ಆಗ ನರ್ಸ್ ಒಬ್ಬಳು ಥಿಯೇಟರಿನಿಂದ ಓಡಿಬಂದು ಎದುರಿನ ಕೋಣೆಯಿಂದ ಬಿಸಿ ಮಾಡಿದ ಸಲೈನ್ ಬಾಟಲಿಗಳನ್ನು ಎದೆಗವಚಿಕೊಂಡು ವಾಪಸ್ ಓಡಿದಳು. ಅದರ ಅರ್ಥ ನನಗೆ ಗೊತ್ತು, ಒಳಗೆ ನರ ಸೋಲುತ್ತಿದೆ. ಆ ಬೆಂಚಿನಲ್ಲಿ ಕೂತ ಬೇರೆ ಯಾರಿಗೂ ಗೊತ್ತಿರಲಿಲ್ಲ. ಅವರ ಹಾಗೆ ನನಗೂ ಗೊತ್ತಾಗದಿದ್ದರೆ ಚೆನ್ನಾಗಿತ್ತು.

ಕೊಟ್ಟ ಮಾತು ಮರೆತು ಒಳಗೆ ಹೋದೆ. ಟೋಪಿ, ಮುಖಕ್ಕೆ ಬಟ್ಟೆ. ಬಾಗಿಲಿನ ಗಾಜಿನಲ್ಲಿ ಯಂತ್ರದ ಪರದೆ ಕಾಣುತ್ತಿತ್ತು. ನರಗಳ ಸುದ್ದಿ ತರುವ ಗೆರೆಗಳಲ್ಲಿ ಎಡಗಾಲಿನವು ಮಲಗಿಬಿಟ್ಟಿದ್ದವು. ವುಂಪಿನಿ ಸರಳಿನ ಬಿಗಿ ಸಡಿಲಿಸಿ, ಬಾಗನ್ನು ಇದ್ದ ಹಾಗೆಯೇ ಬಿಟ್ಟು, ಎರಡೂ ಕೈಗಳನ್ನು ಬಟ್ಟೆಯ ಮೇಲಿಟ್ಟುಕೊಂಡು ನಿಂತಿದ್ದಳು. ಏನೂ ಮಾಡುತ್ತಿರಲಿಲ್ಲ. ಕಾಯುತ್ತಿದ್ದಳು. ನಾನು ಬಾಗಿಲು ತಳ್ಳಿದೆ.

"ರಕ್ತದೊತ್ತಡ ಏರಿಸಿ," ಎಂದೆ.

"ಏರಿಸಿದೀವಿ ಪ್ರೊಫ್. ಹೊರಗೆ ಹೋಗಿ." ಅವಳು ತಲೆಯೆತ್ತಲಿಲ್ಲ.

ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ಹಸಿರು ಬಟ್ಟೆಗಳ ನಡುವೆ ತೆರೆದ ಬೆನ್ನು. ಬೇರೆಯವರ ಮಕ್ಕಳದಾದರೆ ಆ ತೆರೆದ ಜಾಗ ಮಾತ್ರ ಕಾಣುತ್ತದೆ. ಇವತ್ತು ಬಟ್ಟೆಯ ಕೆಳಗಿಂದ ಹೊರಬಂದ ಪಾದ ಕಂಡಿತು. ಉಗುರಿಗೆ ಬಣ್ಣ ಹಚ್ಚಿಕೊಂಡಿದ್ದಳು, ಅಳಿಸಿದ್ದರೂ ಅಂಚಿನಲ್ಲಿ ಉಳಿದಿತ್ತು. ಹೊರಗೆ ಬಂದೆ.

ಬೆಂಚಿನಲ್ಲಿ ಆ ಹೆಂಗಸು ನನ್ನ ಕೈ ಹಿಡಿದುಕೊಂಡಳು.

ವುಂಪಿನಿ ಹೊರಗೆ ಬಂದಾಗ ಬಿಸಿಲು ಬೆಂಚಿನಿಂದ ಸರಿದಿತ್ತು. ಗೆರೆಗಳು ವಾಪಸ್ ಬಂದವಂತೆ. ಮತ್ತೆ ಬಿಗಿಯಲು ಹೋಗದೆ, ನರ ತಡೆದುಕೊಳ್ಳುವಷ್ಟಕ್ಕೇ ನಿಲ್ಲಿಸಿದಳಂತೆ. "ಮೂವತ್ತೊಂದು ಡಿಗ್ರಿ ಉಳಿದಿದೆ. ಬಲಗಡೆ ಸ್ವಲ್ಪ ಉಬ್ಬು ಇರತ್ತೆ. ಇನ್ನು ಮುಂದಕ್ಕೆ ಹೋಗೋ ಧೈರ್ಯ ಆಗಲಿಲ್ಲ ಪ್ರೊಫ್," ಎಂದಳು. ನನ್ನ ಬೈಗುಳಕ್ಕೆ ಸಿದ್ಧಳಾಗಿ ನಿಂತವಳ ಹಾಗೆ ನಿಂತಿದ್ದಳು.

ನಾನು ಅವಳನ್ನು ಹಾಗೆ ನಿಲ್ಲುವಂತೆ ಮಾಡಿದ್ದೇನೆ. ಬೈದದ್ದಕ್ಕೆ ಕ್ಷಮಿಸು ಎಂದೆ. ಮಾರ್ಚಿನಲ್ಲಿ ಹೇಳಬೇಕಿದ್ದ ಮಾತು.

ಮೇ ೭, ಬುಧವಾರ

ಎರಡೂ ಕಾಲಿನ ಬೆರಳು ಆಡಿಸಿದಳು. ಎಡಗಾಲು ಕೊಂಚ ಸೋತಿದೆ, ಬರುತ್ತದೆ. ಬಾಯಾರಿಕೆ ಎಂದಳು. ಚಮಚದಲ್ಲಿ ನೀರು ಕೊಟ್ಟೆ.

ಮೇ ೮, ಗುರುವಾರ

ಸಭೆಗೆ ಹೋಗಲಿಲ್ಲ. ಅದೇ ಹೊತ್ತಿಗೆ ಸೇನಾಮಳನ್ನು ಎಬ್ಬಿಸಿ ನಿಲ್ಲಿಸಬೇಕಿತ್ತು. ಸಭೆಯಲ್ಲಿ ಅವಳ ಫಿಲ್ಮ್ ಹಾಕಿರುತ್ತಾರೆ. ಅರ್ಧಕ್ಕೇ ನಿಲ್ಲಿಸಿದ ಕೆಲಸ ಎಂದು ಯಾರಾದರೂ ಅಂದರೆ ವುಂಪಿನಿ ಉತ್ತರ ಕೊಟ್ಟುಕೊಳ್ಳುತ್ತಾಳೆ. ಕೊಡದಿದ್ದರೆ ಮುಂದಿನ ವಾರ ನಾನು ಕೊಡುತ್ತೇನೆ.

ಕೂತಾಗ ತಲೆ ಸುತ್ತಿತು. ನಿಂತಾಗ ಅತ್ತಳು. ಒಂದು ಕಡೆ ಅಕ್ಪೇನೆ, ಇನ್ನೊಂದು ಕಡೆ ವ್ಯಾಯಾಮ ಮಾಡಿಸುವ ಹುಡುಗಿ ಹಿಡಿದಿದ್ದರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಒಳಗೆ ಬರಬಹುದೋ ಬಾರದೋ ತಿಳಿಯಲಿಲ್ಲ.

"ಪಪ್ಪಾ, ಹಿಂದೆ ಬನ್ನಿ," ಎಂದಳು. "ಈ ಗೌನು ಹಿಂದ್ಗಡೆ ಬಿಚ್ಕೊಂಡಿದೆ. ಗಾಳಿ ತಾಗ್ತಿದೆ. ಮುಚ್ಚಿ ಹಿಡ್ಕೊಳ್ಳಿ."

ಆಸ್ಪತ್ರೆಯ ಗೌನುಗಳು ಹಿಂದೆ ತೆರೆದಿರುತ್ತವೆ. ನಮಗೆ ಅನುಕೂಲವಾಗಲೆಂದು ಹಾಗೆ ಹೊಲಿಸುತ್ತೇವೆ. ಎರಡೂ ಅಂಚುಗಳನ್ನು ಸೇರಿಸಿ, ಗಾಯದ ಪಟ್ಟಿಗೆ ತಾಗದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡೆ. ಅವಳು ಒಂದು ಹೆಜ್ಜೆ ಇಟ್ಟಳು. ನಾನು ಬಗ್ಗಿಕೊಂಡು ಹಿಂದೆ ಒಂದು ಹೆಜ್ಜೆ ಇಟ್ಟೆ. ಎಡಗಾಲನ್ನು ಸ್ವಲ್ಪ ಎಳೆಯುತ್ತಿದ್ದಳು. ಹೀಗೆ ಬಾಗಿಲು ದಾಟಿ ಕಾರಿಡಾರಿಗೆ ಬಂದೆವು.

ಆಗಲೇ ಸಭೆ ಬಿಟ್ಟಿತು. ಡಾಕ್ಟರುಗಳು, ನರ್ಸುಗಳು, ಎಲ್ಲರೂ ಒಟ್ಟಿಗೆ ಹೊರಬಂದು ನಮ್ಮನ್ನು ಕಂಡು ಗೋಡೆಗೆ ಸರಿದು ನಿಂತರು. ವುಂಪಿನಿ ಇದ್ದಳು, ಫೀಫಿ ಇದ್ದ. ನನ್ನ ಕಿವಿ ಸುಡುತ್ತಿತ್ತು. ಕೈ ಬಿಟ್ಟು ನೆಟ್ಟಗೆ ನಿಲ್ಲುವಂತಿರಲಿಲ್ಲ.

ಸೇನಾಮ್ ತಲೆಯೆತ್ತಲಿಲ್ಲ. ಕತ್ತು ತಿರುಗಿಸಲು ಅವಳಿಗೆ ಇನ್ನೂ ಆಗುವುದಿಲ್ಲ.

"ಎಲ್ರೂ ನೋಡ್ತಿದಾರಾ ಪಪ್ಪಾ?" ಎಂದು ಮೆಲ್ಲಗೆ ಕೇಳಿದಳು.

"ನೋಡ್ತಿದಾರೆ. ನಿನ್ನನ್ನಲ್ಲ, ನನ್ನನ್ನ."

"ಹಾಗಾದ್ರೆ ಸರಿ," ಎಂದು ಇನ್ನೊಂದು ಹೆಜ್ಜೆ ಇಟ್ಟಳು.